ಪೆಟ್ಟಾದ ನಾಯಿಗೆ ಅರಿಶಿನ, ಪ್ಯಾರಾಸಿಟಮಾಲ್: ಯಾವುದು ಸರಿ, ಯಾವುದು ಅಪಾಯ?

ನಾಯಿಗೆ ಗಾಯವಾದರೆ ಅರಿಶಿನ-ಕಾಫಿಪುಡಿ ಒತ್ತಿ, ನೋವಿಗೆ ಒಂದು ಪ್ಯಾರಾಸಿಟಮಾಲ್ ಕೊಡಿ, ಹುಳವಾಗದಂತೆ ಸೀಮೆಎಣ್ಣೆ ಬಿಡಿ, ಬೆಳಗಾಗುವವರೆಗೆ ಕಾದು ನೋಡಿ. ಈ ಬಗೆಯ ಸಲಹೆಗಳು ಮೊಬೈಲಿನಿಂದ ಮೊಬೈಲಿಗೆ ದಾಟುತ್ತಲೇ ಇರುತ್ತವೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಶಿರಸಿ ಹತ್ತಿರದ ಇಸಳೂರಿನಂಥ ಊರಿನಲ್ಲೋ, ಸಿದ್ದಾಪುರ-ಯಲ್ಲಾಪುರದ ಕಾಡಂಚಿನ ಒಂಟಿ ಮನೆಯಲ್ಲೋ ರಾತ್ರಿ ಹತ್ತಕ್ಕೆ ನಾಯಿ ರಕ್ತ ಸುರಿಸುತ್ತ ಅಂಗಳಕ್ಕೆ ಬಂದರೆ ತಕ್ಷಣ ಕೈಗೆ ಸಿಗುವುದು ಅಡುಗೆಮನೆಯ ಡಬ್ಬಿ ಮತ್ತು ಫೋನು ಮಾತ್ರ. ಆದರೆ ಈ ನಾಲ್ಕು ಸಲಹೆಗಳಲ್ಲಿ ಒಂದನ್ನೂ ನಾವು ಒಪ್ಪುವಂತಿಲ್ಲ.

ಮೊದಲು ಮಾತ್ರೆಯ ವಿಷಯ. ಮನುಷ್ಯರ ನೋವಿನ ಮಾತ್ರೆಗಳನ್ನು ನಾಯಿಯ ದೇಹ ನಮ್ಮಂತೆ ಅರಗಿಸಿಕೊಳ್ಳುವುದಿಲ್ಲ. ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್ ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಸೋರಿಸಬಹುದು, ಮೂತ್ರಪಿಂಡ ಕೆಡಿಸಬಹುದು. ರಕ್ತ ಕಳೆದುಕೊಂಡ ನಾಯಿಗೆ ಈ ಅಪಾಯ ಇನ್ನೂ ಹೆಚ್ಚು. ಪ್ಯಾರಾಸಿಟಮಾಲ್ ಪ್ರಮಾಣ ಮೀರಿದರೆ ನಾಯಿಯ ಯಕೃತ್ತಿಗೆ ಹಾನಿ; ಬೆಕ್ಕಿಗಾದರೆ ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. (ಜಾನುವಾರುಗಳಿಗೆ ಡೈಕ್ಲೋಫೆನಾಕ್ ಬಳಸುವುದನ್ನು 2006ರಲ್ಲಿ ಭಾರತದಲ್ಲಿ ನಿಷೇಧಿಸಿದ್ದು ಬೇರೆ ಕಾರಣಕ್ಕೆ: ಅದು ಸೇರಿದ ಹೆಣ ತಿಂದ ರಣಹದ್ದುಗಳು ಸಾಯುತ್ತಿದ್ದವು.) ಮನೆಯಲ್ಲಿ ಎಷ್ಟೇ ಮಾತ್ರೆ ಇರಲಿ, ಪಶುವೈದ್ಯರು ಹೇಳದೆ ಯಾವುದನ್ನೂ ಕೊಡಬೇಡಿ.

ಸೀಮೆಎಣ್ಣೆ, ಫಿನಾಯಿಲ್ ಎರಡೂ ಹಸಿ ಮಾಂಸವನ್ನು ಸುಡುತ್ತವೆ. ನೆಕ್ಕಿದರೆ ವಿಷ. ಅಡಿಕೆ ಕೊಳೆಗೆಂದು ಬೋರ್ಡೋ ದ್ರಾವಣ ಮಾಡುವ ಮನೆಗಳಲ್ಲಿ ಮೈಲುತುತ್ತ ಇದ್ದೇ ಇರುತ್ತದೆ. ಅದನ್ನೂ ಗಾಯಕ್ಕೆ ಹಾಕಬಾರದು. ಅರಿಶಿನ, ಕಾಫಿಪುಡಿ ಅಷ್ಟು ಕೆಟ್ಟವಲ್ಲ. ಆದರೆ ಹೊಲಿಗೆ ಹಾಕುವ ಮುನ್ನ ವೈದ್ಯರು ಅವನ್ನೆಲ್ಲ ತೊಳೆದು ತೆಗೆಯಬೇಕಾಗುತ್ತದೆ, ಗಾಯದ ಆಳವೂ ಕಾಣುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಶುದ್ಧ ಬಟ್ಟೆಯನ್ನು ಮಡಚಿ ರಕ್ತ ಬರುವ ಜಾಗದ ಮೇಲಿಟ್ಟು ಐದು ನಿಮಿಷ ಬಿಡದೆ ಒತ್ತಿ. ನಿಂತಿತೋ ಎಂದು ನಡುನಡುವೆ ಎತ್ತಿ ನೋಡಿದರೆ ಕಟ್ಟುತ್ತಿರುವ ಹೆಪ್ಪು ಕಿತ್ತುಬರುತ್ತದೆ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದು ಇಡಿ. ಕಾಡುಹಂದಿಯ ಕೋರೆ ತಾಗಿ ಹೊಟ್ಟೆ ಸೀಳಿ ಕರುಳು ಹೊರಬಂದಿದ್ದರೆ ಒಳಗೆ ತಳ್ಳಬೇಡಿ. ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆ ಸುತ್ತಿ ಹಾಗೆಯೇ ಕರೆದೊಯ್ಯಿರಿ. ಚುಚ್ಚಿಕೊಂಡ ಕೋಲನ್ನು ಕೀಳಬೇಡಿ. ಮುರಿದ ಕಾಲಿಗೆ ಅಡಿಕೆ ಹಾಳೆ ಕಟ್ಟುವ ಉಪಾಯ ಹೊಳೆಯಬಹುದು, ಆದರೆ ತಪ್ಪಾಗಿ ಕಟ್ಟಿದ ಪಟ್ಟಿ ಮೂಳೆಯನ್ನು ಇನ್ನಷ್ಟು ಸರಿಸುತ್ತದೆ. ಕಾಲು ಅಲ್ಲಾಡದಂತೆ ಕಂಬಳಿಯಲ್ಲೋ ಹಲಗೆಯ ಮೇಲೋ ಮಲಗಿಸಿ ಒಯ್ಯುವುದೇ ಮೇಲು.

ಬೆಳಗಾಗುವವರೆಗೆ ಕಾಯಿರಿ ಎನ್ನುವುದು ಈ ಸಲಹೆಗಳಲ್ಲೆಲ್ಲ ಹೆಚ್ಚು ಮೋಸದ್ದು. ಬೈಕೋ ಕಾರೋ ಬಡಿದ ನಾಯಿ ಎದ್ದು ನಡೆದು ಮನೆಗೆ ಬರಬಹುದು, ಮೈಮೇಲೆ ಒಂದು ಗೀರೂ ಇಲ್ಲದಿರಬಹುದು. ಒಳಗೆ ಎದೆ ಮತ್ತು ಹೊಟ್ಟೆಯ ನಡುವಿನ ಪರದೆ ಹರಿದಿರಬಹುದು, ಗುಲ್ಮದಿಂದ ರಕ್ತ ಸೋರುತ್ತಿರಬಹುದು, ಮೂತ್ರಕೋಶ ಒಡೆದಿರಬಹುದು. ಇವು ಗಂಟೆಗಳ ನಂತರ, ಕೆಲವೊಮ್ಮೆ ಒಂದೆರಡು ದಿನ ಬಿಟ್ಟು ತೋರುತ್ತವೆ. ಆದ್ದರಿಂದ ಗಾಯವನ್ನಷ್ಟೇ ನೋಡದೆ ನಾಯಿಯ ವಸಡನ್ನೂ ನೋಡಿ. ತುಟಿ ಎತ್ತಿ ವಸಡನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಸುಮಾರು ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ವಸಡೇ ಕಪ್ಪಾಗಿದ್ದರೆ ಕೆಳರೆಪ್ಪೆಯ ಒಳಭಾಗದ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ, ಉಸಿರು ಏದುತ್ತಿದ್ದರೆ, ಕಾಲು-ಕಿವಿ ತಣ್ಣಗಾಗಿದ್ದರೆ, ಹೊಟ್ಟೆ ಉಬ್ಬುತ್ತಿದ್ದರೆ ಕಾಯುವ ಸಮಯ ಮುಗಿದಿದೆ. ಹಾಲು, ಬಿಸ್ಕತ್ತು ಕೊಡಬೇಡಿ; ಅರಿವಳಿಕೆ ಕೊಡಬೇಕಾಗಿ ಬಂದರೆ ಹೊಟ್ಟೆ ಖಾಲಿ ಇರುವುದು ಒಳ್ಳೆಯದು.

ಹಾವು ಕಚ್ಚಿದ್ದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧ ಕುಡಿಸುವುದು ಯಾವುದೂ ಬೇಡ. ನಮ್ಮ ದೇಶದಲ್ಲಿ ಮನುಷ್ಯರಿಗೆ ಕೊಡುವ ಪ್ರತಿವಿಷವನ್ನೇ ನಾಯಿಗೂ ಕೊಡುತ್ತಾರೆ. ಅದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆಂದು ತಯಾರಾದದ್ದು. ಮಲೆನಾಡಿನ ಗುಳಿಮಂಡಲಗಳ ವಿಷಕ್ಕೆ ಇದನ್ನು ನಂಬುವಂತಿಲ್ಲ. ಹಾಗಾಗಿ ಹಾವಿನ ಫೋಟೋ ದೂರದಿಂದ ಸಿಕ್ಕರೆ ಉಪಯೋಗ. ಅದನ್ನು ಹಿಡಿಯಲು ಹೋಗಬೇಡಿ.

ಎತ್ತುವಾಗ ನಿಮ್ಮ ಕೈ ಜೋಪಾನ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ, ಅದು ಪ್ರೀತಿ ಇಲ್ಲದ್ದಕ್ಕಲ್ಲ. ಬಟ್ಟೆಯ ಪಟ್ಟಿಯಿಂದ ಮೂತಿ ಕಟ್ಟಿ. ಆದರೆ ವಾಂತಿ ಮಾಡುತ್ತಿದ್ದರೆ, ಉಸಿರಾಟ ಕಷ್ಟವಿದ್ದರೆ, ಅಥವಾ ಹಂದಿಗೆಂದು ಯಾರೋ ಇಟ್ಟ ಸಿಡಿಮದ್ದು ಕಚ್ಚಿ ಬಾಯಿಯೇ ಛಿದ್ರವಾಗಿದ್ದರೆ ಕಟ್ಟಕೂಡದು. ನಿಮಗೆ ಕಚ್ಚಿದರೆ ಸೋಪು-ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ರೇಬಿಸ್ ಲಸಿಕೆಗೆ ಹೋಗಿ. ನಾಯಿಯನ್ನು ಇನ್ನೊಂದು ನಾಯಿಯೋ ಕಾಡುಪ್ರಾಣಿಯೋ ಕಚ್ಚಿದ್ದರೆ, ಮೊದಲೇ ಲಸಿಕೆ ಆಗಿದ್ದರೂ ಅದಕ್ಕೆ ಮತ್ತೆ ಹಾಕಿಸಬೇಕು.

ಹೊರಡುವ ಮುನ್ನ ಫೋನ್ ಮಾಡಿ, ವೈದ್ಯರು ಇದ್ದಾರೆಯೇ ತಿಳಿದುಕೊಳ್ಳಿ. ತಾಲ್ಲೂಕಿನ ಸರ್ಕಾರಿ ಪಶು ಆಸ್ಪತ್ರೆಯ ನಂಬರು, ಒಬ್ಬ ಖಾಸಗಿ ಪಶುವೈದ್ಯರ ನಂಬರು ಇವತ್ತೇ ಫೋನಿನಲ್ಲಿ ಉಳಿಸಿಕೊಳ್ಳಿ. 1962 ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ. ಎಕ್ಸ್‌ರೇ, ದೊಡ್ಡ ಶಸ್ತ್ರಚಿಕಿತ್ಸೆ ಬೇಕಾದರೆ ಈ ಭಾಗದವರು ನೋಡಬಹುದಾದ ಒಂದು ಜಾಗ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅದು ಗಂಟೆಗಳ ದಾರಿ. ಮೊದಲು ಶಿರಸಿಯಲ್ಲೇ ಡ್ರಿಪ್ ಹಾಕಿಸಿ, ನೋವು ತಗ್ಗಿಸಿಕೊಂಡು ಹೊರಡಬಹುದೇ ಎಂದು ವೈದ್ಯರನ್ನೇ ಕೇಳಿ. ರಕ್ತ ಬೇಕಾದರೆ ಆರೋಗ್ಯವಂತ ದೊಡ್ಡ ನಾಯಿಯಿಂದ ಕೊಡಿಸಲು ಸಾಧ್ಯ. ನಾಯಿಗಳಲ್ಲೂ ರಕ್ತದ ಗುಂಪುಗಳಿವೆ, ಆದರೂ ಮೊದಲ ಸಲ ರಕ್ತ ಪಡೆಯುವಾಗ ತೀವ್ರ ತೊಂದರೆ ಅಪರೂಪ.

ಕಾಲು ತೆಗೆಯಬೇಕು ಎಂದಾಗ ಮನೆಯವರು ಕುಸಿಯುತ್ತಾರೆ. ಮೂರು ಕಾಲಿನಲ್ಲಿ ನಾಯಿಗಳು ಸಾಮಾನ್ಯವಾಗಿ ಚೆನ್ನಾಗಿಯೇ ಓಡಾಡುತ್ತವೆ. ಆ ಕಾರಣಕ್ಕೇ ದಯಾಮರಣ ಕೇಳುವುದು ಅವಸರ. ಬೆನ್ನುಹುರಿ ತುಂಡಾಗಿ, ನೋವು ಇಳಿಸುವ ದಾರಿಯಿಲ್ಲದಾಗ ಮಾತು ಬೇರೆ. ಆಗ ವೈದ್ಯರನ್ನು ನೇರವಾಗಿ ಕೇಳಿ: ಇದು ಮತ್ತೆ ತಾನಾಗಿ ತಿನ್ನುವುದೇ, ನೋವಿಲ್ಲದೆ ನಿದ್ದೆ ಮಾಡುವುದೇ, ಖರ್ಚು ಎಷ್ಟು? ಖರ್ಚು ಕೇಳುವುದು ಕಟುಕತನವಲ್ಲ. ಅರಿವಳಿಕೆ ಮದ್ದನ್ನು ಹೆಚ್ಚಿನ ಪ್ರಮಾಣದಲ್ಲಿ ಕೊಡುವುದರಿಂದ ನಾಯಿಗೆ ಮೊದಲು ಎಚ್ಚರ ತಪ್ಪುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಮನೆಯ ಒಬ್ಬರು ಪಕ್ಕದಲ್ಲಿ ಕೂರಬಹುದು. ಮಕ್ಕಳಿಗೆ "ಮಲಗಿಸಿದರು" ಎಂದರೆ ಅವು ನಿದ್ದೆಗೇ ಹೆದರುವುದುಂಟು. ಸತ್ತಿತು ಎಂದೇ ಹೇಳಿ. ಹೂಳುವ ಗುಂಡಿ ಆಳವಿರಲಿ, ಬಾವಿಯಿಂದ, ತೋಟಕ್ಕೆ ಹರಿಯುವ ಹಳ್ಳದಿಂದ ದೂರವಿರಲಿ, ಮೇಲೆ ಕಲ್ಲು ಹೇರಿ. ಇಲ್ಲದಿದ್ದರೆ ನರಿಯೋ ಹಂದಿಯೋ ರಾತ್ರಿಯೇ ಅಗೆಯುತ್ತವೆ.