ಎರಡಾಣೆಯ ಠೇವಣಿ: ಕರಾವಳಿ ಬ್ಯಾಂಕುಗಳ ಚರಿತ್ರೆಯಲ್ಲಿ ಉಳಿದುಹೋದ ಪ್ರಶ್ನೆಗಳು

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಅದಕ್ಕೆ ಸರಿಯಾಗಿ ಒಂದು ವರ್ಷ ಮೊದಲು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿಹೋಗಿತ್ತು. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ 1906ರಿಂದ 1931ರ ನಡುವೆ ಹುಟ್ಟಿ ದೇಶವ್ಯಾಪಿಯಾಗಿ ಬೆಳೆದ ಐದು ಬ್ಯಾಂಕುಗಳಲ್ಲಿ ಇಂದು ತಮ್ಮ ಹೆಸರಿನಲ್ಲೇ ನಡೆಯುತ್ತಿರುವವು ಕೆನರಾ ಮತ್ತು ಕರ್ಣಾಟಕ ಬ್ಯಾಂಕು ಎರಡೇ. ವಿಲೀನದ ನಂತರ ಈ ಬ್ಯಾಂಕುಗಳ ಕುರಿತು ಬಂದ ಬರಹಗಳಲ್ಲಿ ಎರಡು ಧಾಟಿಗಳು ಕಾಣುತ್ತವೆ. ಮೊದಲನೆಯದು ಸ್ಮರಣ ಸಂಚಿಕೆಗಳಿಂದ ಬಂದದ್ದು; ಅದರಲ್ಲಿ ದೂರದೃಷ್ಟಿಯ ಸ್ಥಾಪಕರಿದ್ದಾರೆ, ಅವರ ಸುತ್ತ ಕೃತಜ್ಞ ಜನರಿದ್ದಾರೆ. ಎರಡನೆಯದು ಈಚೆಗೆ ಚಾಲ್ತಿಗೆ ಬಂದದ್ದು. ಅದರ ಪ್ರಕಾರ ಇವೆಲ್ಲ ಜಾತಿ ಬ್ಯಾಂಕುಗಳು, ಒಂದೊಂದು ಸಮುದಾಯ ತನ್ನ ಹಣವನ್ನು ತನ್ನೊಳಗೇ ಸುತ್ತಿಸಿಕೊಂಡ ವ್ಯವಸ್ಥೆಗಳು. ಎರಡೂ ಧಾಟಿಗಳು ಆಡಳಿತ ಮಂಡಳಿಯ ಕೋಣೆಯನ್ನಷ್ಟೇ ನೋಡುತ್ತವೆ. ಈ ಬ್ಯಾಂಕುಗಳ ನಿಜವಾದ ಆವಿಷ್ಕಾರ ಇದ್ದದ್ದು ಹಣವನ್ನು ಕೂಡಿಸಿದ ವಿಧಾನದಲ್ಲಿ. ಅದನ್ನು ಬಿಟ್ಟು ಬರೆದ ಚರಿತ್ರೆ ಈ ಬ್ಯಾಂಕುಗಳು ಏಕೆ ಬೆಳೆದವು ಎಂಬುದನ್ನು ವಿವರಿಸಲಾರದು.

ಆರಂಭದ ಕಥೆ ಎಲ್ಲರಿಗೂ ಗೊತ್ತಿರುವುದೇ. 1906ರ ಮಾರ್ಚಿನಲ್ಲಿ ಉಡುಪಿಯ ವರ್ತಕ ಹಾಜಿ ಅಬ್ದುಲ್ಲಾ ಸಾಹೇಬರು ಊರಿನ ಇತರರೊಡನೆ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ (ಮುಂದಿನ ಕಾರ್ಪೊರೇಷನ್ ಬ್ಯಾಂಕು) ತೆರೆದರು. ಮೊದಲ ದಿನ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ವರ್ಷದ ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಆರಂಭಿಸಿದರು. 1910ರಲ್ಲಿ ಅದು ಕೆನರಾ ಬ್ಯಾಂಕಾಯಿತು. ಮದರಾಸಿನ ಅರ್ಬತ್‌ನಾಟ್ ಕಂಪನಿ ದಿವಾಳಿಯಾದದ್ದೇ ಈ ಎರಡರ ಹುಟ್ಟಿಗೆ ಕಾರಣವೆಂದು ಬರೆಯುವವರು ದಿನಾಂಕ ನೋಡಬೇಕು. ಆ ಕುಸಿತ ಸಂಭವಿಸಿದ್ದು 1906ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಎರಡೂ ಸಂಸ್ಥೆಗಳು ವ್ಯವಹಾರ ನಡೆಸುತ್ತಿದ್ದವು. ಸಹಕಾರ ಚಳವಳಿಯದು ಇದಕ್ಕೆ ಸಮಾನಾಂತರವಾದ ಇನ್ನೊಂದು ಧಾರೆ. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು, ಮುಂದೆ ಪುತ್ತೂರಿನಲ್ಲಿ ಮೊಳಹಳ್ಳಿ ಶಿವರಾಯರು ಅದನ್ನು ಬೆಳೆಸಿದರು. ಅದಕ್ಕೆ ಪ್ರತ್ಯೇಕ ಸಮೀಕ್ಷೆಯೇ ಬೇಕು. 1924ರಲ್ಲಿ ಮಂಗಳೂರಿನಲ್ಲಿ ಕರ್ಣಾಟಕ ಬ್ಯಾಂಕು, 1925ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ (ಮುಂದಿನ ಸಿಂಡಿಕೇಟ್ ಬ್ಯಾಂಕು), 1931ರ ವಿಜಯದಶಮಿಗೆ ಎ. ಬಿ. ಶೆಟ್ಟರ ಮುಂದಾಳ್ತನದಲ್ಲಿ ವಿಜಯಾ ಬ್ಯಾಂಕು ಬಂದವು. ಇವಲ್ಲದೆ ಪಾಂಗಾಳ ನಾಯಕ್ ಬ್ಯಾಂಕು, ಜಯಲಕ್ಷ್ಮೀ ಬ್ಯಾಂಕುಗಳಂಥ ಎಷ್ಟೋ ಸಣ್ಣ ಬ್ಯಾಂಕುಗಳಿದ್ದವು.

ಜಾತಿ ಬ್ಯಾಂಕು ಎಂಬ ವಾದವನ್ನು ಸುಮ್ಮನೆ ತಳ್ಳಿಹಾಕುವುದು ಪ್ರಾಮಾಣಿಕವಲ್ಲ. ಗೌಡ ಸಾರಸ್ವತರು, ಬಂಟರು, ಶಿವಳ್ಳಿ ಮತ್ತು ಕೋಟ ಬ್ರಾಹ್ಮಣರು, ಕ್ಯಾಥೊಲಿಕರು ತಂತಮ್ಮ ಸುತ್ತಲಿನ ಬ್ಯಾಂಕುಗಳಲ್ಲಿ ಷೇರು ಕೊಂಡರು, ನಿರ್ದೇಶಕರಾದರು, ಮಕ್ಕಳಿಗೆ ಗುಮಾಸ್ತಿಕೆ ಕೊಡಿಸಿದರು. ಆದರೆ ಆ ಕಾಲದ ಜಮೀನಿನ ವ್ಯವಸ್ಥೆಯನ್ನೂ ಜೊತೆಗಿಟ್ಟು ನೋಡಬೇಕು. ಮೂಲಗೇಣಿದಾರನಿಗೆ ಭೂಮಿಯ ಮೇಲೆ ಕಾಯಂ ಹಕ್ಕಿತ್ತು. ಚಾಲಗೇಣಿದಾರನಿಗೆ ವರ್ಷದಾಚೆಯ ಭರವಸೆ ಇರಲಿಲ್ಲ. ಹೆಚ್ಚಿನ ಉಳುಮೆಗಾರರ ಬಳಿ ಅಡವಿಡಲು ಜಮೀನಿರಲಿಲ್ಲ, ಇದ್ದರೆ ಮನೆಯ ಹೆಂಗಸರ ಮೈಮೇಲಿನ ಚಿನ್ನವಿತ್ತು. ಸಾಲ ಕೇಳಿದವನ ನಡತೆ, ವ್ಯಾಪಾರ, ಹಳೆಯ ಬಾಕಿಗಳನ್ನು ತಿಳಿಯಲು ಬ್ಯಾಂಕಿಗೆ ಬೇರೆ ದಾರಿಯಿಲ್ಲದಾಗ ಸಮುದಾಯವೇ ಆ ಮಾಹಿತಿಯ ಮೂಲವಾಯಿತು. ಹೀಗೆ ಸಮುದಾಯ ಬ್ಯಾಂಕಿನ ಮೊದಲ ಬಂಡವಾಳವಾಗಿತ್ತು ಎನ್ನುವುದು ಸರಿ, ಅದೇ ಬ್ಯಾಂಕಿನ ಗಡಿಯೂ ಆಗಿತ್ತು ಎನ್ನುವುದು ಸರಿಯಲ್ಲ. ರಥಬೀದಿಯ ಉಡುಪಿಯಲ್ಲಿ ಒಬ್ಬ ಮುಸ್ಲಿಂ ವರ್ತಕರ ಮುಂದಾಳ್ತನದಲ್ಲಿ ತೆರೆದ ಬ್ಯಾಂಕೇ ಈ ಸರಣಿಯ ಮೊದಲನೆಯದು ಎಂಬ ಸಂಗತಿಯನ್ನು ಜಾತಿ ವಾದದವರು ಅಪವಾದವೆಂದು ಬದಿಗಿಡುತ್ತಾರೆ. ಅದಕ್ಕಿಂತ ಬಲವಾದ ಸಾಕ್ಷ್ಯ 1928ರದು.

ಡಾ. ಟಿ. ಎಂ. ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವರು 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಸಿಂಡಿಕೇಟ್ ಬ್ಯಾಂಕಿನ ಮೊದಲ ಉದ್ದೇಶ ಸೋಲುತ್ತಿದ್ದ ಕೈಮಗ್ಗದ ನೇಕಾರರಿಗೆ ಹಣ ಒದಗಿಸುವುದಾಗಿತ್ತು. ಮೂರು ವರ್ಷಗಳಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ಬ್ಯಾಂಕಿನ ಕಲೆಕ್ಟರ್ ದಿನವೂ ಮನೆಗೆ, ಅಂಗಡಿಗೆ, ಮಗ್ಗದ ಕೊಟ್ಟಿಗೆಗೆ ಹೋಗಿ ಎರಡಾಣೆ ಪಡೆದು ಕಾರ್ಡಿನಲ್ಲಿ ಬರೆದು ಬರುತ್ತಿದ್ದ. ದಿನಕ್ಕೆ ಎರಡಾಣೆಯೆಂದರೆ ತಿಂಗಳಿಗೆ 3 ರೂಪಾಯಿ 12 ಆಣೆ, ತಪ್ಪದೆ ಕಟ್ಟಿದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಈ ಲೆಕ್ಕ ಸಣ್ಣದು, ಅದರ ಹಿಂದಿನ ತಿಳಿವಳಿಕೆ ಸಣ್ಣದಲ್ಲ. ಬಡವನಿಗೆ ಉಳಿತಾಯದ ಬುದ್ಧಿಯಿಲ್ಲ ಎಂಬುದು ಅಂದಿನ ಅಧಿಕಾರಿಗಳ ನಂಬಿಕೆಯಾಗಿತ್ತು. ಇಂದೂ ಅನೇಕರದು ಅದೇ ನಂಬಿಕೆ. ಪಿಗ್ಮಿ ಅದನ್ನು ತಿರುವಿಹಾಕಿತು. ದಿನಗೂಲಿಯ ಆದಾಯ ದಿನದಿನ ಬಂದು ದಿನದಿನವೇ ಖರ್ಚಾಗುತ್ತದೆ. ಕೊರತೆಯಿದ್ದದ್ದು ಆ ಆದಾಯ ಸಂಜೆ ಕರಗುವ ಮುನ್ನ ಬಾಗಿಲಿಗೆ ಬಂದು ಕೇಳುವ ಸಂಸ್ಥೆಯದು. ಹಗಲಿಡೀ ಕೆಲಸಕ್ಕೆ ಹೋಗುವವರಿಗೆ, ಪೇಟೆಯ ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುವ ಹೆಂಗಸರಿಗೆ ಬೇಕಾದದ್ದು ಅದೇ. ಇನ್ನೊಂದು ಫಲ ಅಷ್ಟೇ ಮುಖ್ಯ. ನಿತ್ಯ ತಪ್ಪದೆ ಕಟ್ಟಿದ ಕಾರ್ಡು ಆ ವ್ಯಕ್ತಿಯ ಶಿಸ್ತಿನ ಲಿಖಿತ ದಾಖಲೆಯಾಯಿತು, ಸಾಲಕ್ಕೆ ಆಧಾರವೂ ಆಯಿತು. ಮನೆತನ ಕೊಡುತ್ತಿದ್ದ ಮಾಹಿತಿಯನ್ನು ಈಗ ಕಾರ್ಡು ಕೊಡತೊಡಗಿದಾಗ ಬ್ಯಾಂಕು ತನ್ನ ಸಮುದಾಯದಾಚೆ ನಡೆಯುವುದು ಸಾಧ್ಯವಾಯಿತು. ಬೇರೆ ಬ್ಯಾಂಕುಗಳೂ ಸಹಕಾರಿ ಸಂಘಗಳೂ ಬೇರೆಬೇರೆ ಹೆಸರುಗಳಲ್ಲಿ ಇದನ್ನು ಅನುಸರಿಸಿದವು. ಅನುಸರಣೆಯಲ್ಲಿ ಸಿಂಡಿಕೇಟಿನಷ್ಟು ಶ್ರದ್ಧೆ ಬೇರೆ ಯಾರಲ್ಲೂ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಬಡವರಿಂದ ಕೂಡಿಸಿದ ಹಣ ಹೋದದ್ದು ಹೆಂಚಿನ ಕಾರ್ಖಾನೆಗೆ, ಅಡಿಕೆ ಮಂಡಿಗೆ, ಮುಂಬಯಿಯ ವ್ಯಾಪಾರಿಗಳಿಗೆ. ಹಾಗಾಗಿ ಪಿಗ್ಮಿ ಎಂಬುದು ಹಣವನ್ನು ಕೆಳಗಿನಿಂದ ಮೇಲಕ್ಕೆ ಹರಿಸಿದ ಕಾಲುವೆ ಎಂದು ವಿಮರ್ಶಕರು ಹೇಳುತ್ತಾರೆ. ಆರಂಭದ ದಶಕಗಳ ಮಟ್ಟಿಗೆ ಈ ಮಾತಿನಲ್ಲಿ ಸತ್ಯವಿದೆ. ಆದರೆ ಹೋಲಿಸಬೇಕಾದದ್ದು ಆ ಬಡವನಿಗೆ ಅಂದು ಇದ್ದ ಬೇರೆ ಆಯ್ಕೆಗಳೊಂದಿಗೆ. ಅವನ ಎರಡಾಣೆ ಧಣಿಯ ಬಳಿಯೋ ಅಂಗಡಿಯವನ ಬಳಿಯೋ ಲೆಕ್ಕವಿಲ್ಲದೆ ಇರುತ್ತಿತ್ತು. ಬಡ್ಡಿಯೊಡನೆ ಮರಳಿ ಕೇಳುವ ಹಕ್ಕು ಅವನಿಗೆ ಮೊದಲ ಬಾರಿ ಬರಹದಲ್ಲಿ ಸಿಕ್ಕಿದ್ದು ಆ ಕಾರ್ಡಿನಲ್ಲಿ. ಸಾಲ ಕೊಡುವಲ್ಲಿ ಇದ್ದ ಅಸಮಾನತೆಗೆ ಠೇವಣಿ ಪಡೆದ ವಿಧಾನವನ್ನು ಹೊಣೆ ಮಾಡುವುದು ನ್ಯಾಯವಲ್ಲ.

1960ರಲ್ಲಿ ಕೇರಳದ ಪಾಲೈ ಸೆಂಟ್ರಲ್ ಬ್ಯಾಂಕು ಮುಳುಗಿದ ಮೇಲೆ ಕಾನೂನು ಬಿಗಿಯಾಯಿತು, ರಿಸರ್ವ್ ಬ್ಯಾಂಕು ಸಣ್ಣ ಬ್ಯಾಂಕುಗಳನ್ನು ದೊಡ್ಡವುಗಳೊಡನೆ ಸೇರಿಸತೊಡಗಿತು. ಮೂಲ್ಕಿ ಸುಂದರರಾಮ ಶೆಟ್ಟರ ಕಾಲದಲ್ಲಿ ವಿಜಯಾ ಬ್ಯಾಂಕು ಒಂಬತ್ತು ಸಣ್ಣ ಬ್ಯಾಂಕುಗಳನ್ನು ಸೇರಿಸಿಕೊಂಡಿತು. ಕರ್ಣಾಟಕ ಬ್ಯಾಂಕು ಶೃಂಗೇರಿ ಶಾರದಾ ಬ್ಯಾಂಕು, ಚಿತ್ರದುರ್ಗ ಬ್ಯಾಂಕು, ಹುಬ್ಬಳ್ಳಿಯ ಬ್ಯಾಂಕ್ ಆಫ್ ಕರ್ಣಾಟಕವನ್ನು ಪಡೆದು ಬಯಲುಸೀಮೆಗೆ ಕಾಲಿಟ್ಟಿತು. ಅದೇ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕು ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆ ತೆರೆಯಿತು, ಕೃಷಿ ಪದವೀಧರರನ್ನು ನೇಮಿಸಿ ಹಳ್ಳಿಯ ಸಾಲಕ್ಕೆ ಕೈಹಾಕಿತು. 1969ರ ರಾಷ್ಟ್ರೀಕರಣ ಹಳ್ಳಿಗೆ ಬ್ಯಾಂಕು ತಂದಿತು ಎಂದು ದೇಶದ ಚರಿತ್ರೆ ಬರೆಯುವವರು ಹೇಳುವಾಗ ಕರಾವಳಿಯ ಈ ದಶಕವನ್ನು ಮರೆಯುತ್ತಾರೆ. ಆ ವರ್ಷ 50 ಕೋಟಿ ರೂಪಾಯಿ ಮೀರಿದ ಠೇವಣಿಯಿದ್ದ 14 ಬ್ಯಾಂಕುಗಳಲ್ಲಿ ಕೆನರಾ, ಸಿಂಡಿಕೇಟ್ ಎರಡೂ ಇದ್ದವು. 1980ರಲ್ಲಿ ಕಾರ್ಪೊರೇಷನ್, ವಿಜಯಾ ಸರ್ಕಾರದ ಪಾಲಾದವು. ಗಾತ್ರ ಚಿಕ್ಕದಾಗಿದ್ದ ಕರ್ಣಾಟಕ ಬ್ಯಾಂಕು ಖಾಸಗಿಯಾಗಿ ಉಳಿಯಿತು. 1975ರ ಅಕ್ಟೋಬರ್ 2ರಂದು ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ದೇಶದ ಮೊದಲ ಪ್ರಾದೇಶಿಕ ಗ್ರಾಮೀಣ ಬ್ಯಾಂಕು ತೆರೆದಾಗ ಅದರ ಪ್ರಾಯೋಜಕ ಮಣಿಪಾಲದ ಸಿಂಡಿಕೇಟ್ ಬ್ಯಾಂಕೇ ಆಗಿತ್ತು. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟಿನೊಡನೆ ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳು ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಕರ ಸ್ವಉದ್ಯೋಗ ತರಬೇತಿಗೆ ದೇಶಕ್ಕೇ ಮಾದರಿಯಾಯಿತು. ಮಣಿಪಾಲದ ಪರಂಪರೆ ರಾಷ್ಟ್ರೀಕರಣದೊಡನೆ ಮುಗಿಯಿತು ಎನ್ನುವವರಿಗೆ ಇವೆರಡು ಸಾಕ್ಷ್ಯಗಳು ಸಾಕು.

ನಿಜವಾಗಿ ಕಳೆದುಹೋದದ್ದು ಬೇರೆ. ಪಿಗ್ಮಿ ಸಂಗ್ರಹಕಾರರನ್ನು ಬ್ಯಾಂಕುಗಳು ಕಮಿಷನ್ ಏಜೆಂಟರೆಂದೇ ನೋಡಿದವು. ಅವರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2001ರಲ್ಲಿ, ಯೋಜನೆ ಆರಂಭವಾಗಿ ಎಪ್ಪತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೆ, ಅದೂ ಬ್ಯಾಂಕುಗಳ ಸಂಘದ ವಿರೋಧದ ನಡುವೆ. ಬಿಸಿಲು ಮಳೆಯಲ್ಲಿ ಬೀದಿ ಅಲೆದು ಬ್ಯಾಂಕು ಬೆಳೆಸಿದವರಿಗೆ ಬ್ಯಾಂಕು ಮಾಡಿದ ಅನ್ಯಾಯವಿದು. ಈಗ ಫೋನಿನಲ್ಲೇ ಹಣ ಕಳಿಸಬಹುದು, 2014ರ ಜನಧನದಿಂದ ಎಲ್ಲರಿಗೂ ಖಾತೆಯಿದೆ, ಬಾಗಿಲಿಗೆ ಬರುವವನ ಅಗತ್ಯವೇನು ಎಂದು ಕೇಳುವವರಿದ್ದಾರೆ. ಖಾತೆ ಇರುವುದೂ ಖಾತೆಯಲ್ಲಿ ಕೂಡಿಡುವುದೂ ಒಂದೇ ಅಲ್ಲ. ಫೋನು ಖರ್ಚನ್ನು ಸುಲಭ ಮಾಡುತ್ತದೆ, ಕಲೆಕ್ಟರ್ ಉಳಿತಾಯವನ್ನು ಸುಲಭ ಮಾಡುತ್ತಿದ್ದ. ಸಹಕಾರಿ ಸಂಘಗಳು ಇಂದಿಗೂ ಪಿಗ್ಮಿಯನ್ನು ಬಿಟ್ಟಿಲ್ಲ ಎಂಬುದನ್ನು ಗಮನಿಸಬೇಕು.

ಕೊನೆಯದಾಗಿ ಈ ಚರಿತ್ರೆಯ ಖಾಲಿ ಪುಟಗಳ ವಿಚಾರ. ಸ್ಥಾಪಕರ ಜೀವನಚರಿತ್ರೆಗಳಿವೆ, ರಜತ, ಸುವರ್ಣ, ಶತಮಾನೋತ್ಸವದ ಸಂಪುಟಗಳಿವೆ. ಸಾಲಗಾರರ ಚರಿತ್ರೆ ಇಲ್ಲ. 1930ರ ದಶಕದಲ್ಲಿ ಭತ್ತ, ತೆಂಗು, ಅಡಿಕೆಯ ಬೆಲೆ ಬಿದ್ದಾಗ ಯಾರ ಅಡವಿನ ಚಿನ್ನ ಹರಾಜಾಯಿತು? 1974ರ ಭೂಸುಧಾರಣೆಯಿಂದ ಒಕ್ಕಲುಗಳು ಒಡೆಯರಾದ ಮೇಲೆ ಎಷ್ಟು ಜನ ಮೊದಲ ಬಾರಿ ಬ್ಯಾಂಕಿನ ಸಾಲ ಪಡೆದರು? ಉಡುಪಿ ಜಿಲ್ಲೆಯ ಸಾಲ-ಠೇವಣಿ ಅನುಪಾತ ರಾಜ್ಯದ ಸರಾಸರಿಗಿಂತ ಕೆಳಗೇ ಉಳಿದಿದೆ. ಬ್ಯಾಂಕುಗಳನ್ನು ಹೆತ್ತ ನೆಲದಲ್ಲೇ ಹೀಗಾಗಲು ಮುಂಬಯಿ, ಗಲ್ಫಿನಿಂದ ಬರುವ ಹಣವಷ್ಟೇ ಕಾರಣವೋ, ಸ್ಥಳೀಯ ಸಾಲಗಾರನನ್ನು ಗುರುತಿಸುವ ಕೌಶಲವನ್ನು ಬ್ಯಾಂಕುಗಳು ಕಳೆದುಕೊಂಡದ್ದೋ? ಇವಕ್ಕೆ ಉತ್ತರ ಹುಡುಕಬೇಕಾದದ್ದು ಸಿಂಡಿಕೇಟ್ ಬ್ಯಾಂಕು 1928ರಲ್ಲಿ ತೆರೆದ ಬ್ರಹ್ಮಾವರ ಶಾಖೆಯಂಥವುಗಳ ಹಳೆಯ ಲೆಡ್ಜರುಗಳಲ್ಲಿ, ಅಡವಿನ ವಹಿಗಳಲ್ಲಿ, ಪಿಗ್ಮಿ ಕಾರ್ಡುಗಳಲ್ಲಿ. ವಿಲೀನದೊಡನೆ ಪ್ರಧಾನ ಕಚೇರಿಗಳೂ ದಾಖಲೆಗಳ ಒಡೆತನವೂ ಬದಲಾಗಿವೆ. ಕೆನರಾ, ಯೂನಿಯನ್, ಬರೋಡಾ ಬ್ಯಾಂಕುಗಳು ತಮಗೆ ಬಂದ ಈ ಕಡತಗಳಲ್ಲಿ ಯಾವುವು ಉಳಿದಿವೆ, ಎಲ್ಲಿವೆ ಎಂಬ ಪಟ್ಟಿಯನ್ನು ಪ್ರಕಟಿಸಬೇಕು. ಕಾಯ್ದಿಡುವ ಅವಧಿ ಮುಗಿಯಿತೆಂದು ಅವನ್ನು ರದ್ದಿಗೆ ಹಾಕುವ ಮುನ್ನ ಮಂಗಳೂರು ವಿಶ್ವವಿದ್ಯಾನಿಲಯದಂಥ ಸಂಸ್ಥೆಗೆ ಒಪ್ಪಿಸಬೇಕು.