ಗೃಹಬಳಕೆಯ ಗಣಕಯಂತ್ರಕ್ಕೆ ಬ್ಯಾಟರಿ ವಿದ್ಯುತ್: ವೋಲ್ಟೇಜ್ ಕುಸಿತ ತಡೆಯುವ ಕ್ರಮಗಳು

ಪೀಠಿಕೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಪ್ರದೇಶಗಳಿಗೆ ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯು (ಹೆಸ್ಕಾಂ) ವಿದ್ಯುತ್ ಪೂರೈಸುತ್ತದೆ. ಸೇವಾ ಸಿಂಧು ಮುಂತಾದ ಆನ್‌ಲೈನ್ ಸೇವೆಗಳಿಗೆ ಮನೆಯಿಂದಲೇ ಅರ್ಜಿ ಸಲ್ಲಿಸುವ ನಾಗರಿಕರು ವಿದ್ಯುತ್ ನಿಲುಗಡೆಯ ವೇಳೆ ಇನ್ವರ್ಟರ್ ಅಥವಾ ಯುಪಿಎಸ್ ಬಳಸುವುದು ಸಾಮಾನ್ಯ. ಬ್ಯಾಟರಿ ಇದ್ದರೂ ಕ್ಷಣಮಾತ್ರದ ಕುಸಿತದಿಂದ ಗಣಕಯಂತ್ರವು ಮರುಪ್ರಾರಂಭಗೊಂಡರೆ, ಭರ್ತಿ ಮಾಡಿದ ವಿವರಗಳು ಅಳಿದುಹೋಗುವ ಹಾಗೂ ಶುಲ್ಕ ಪಾವತಿಯು ಅರ್ಧಕ್ಕೆ ನಿಲ್ಲುವ ಸಂಭವವಿರುತ್ತದೆ. ಇದನ್ನು ತಡೆಯುವ ಕ್ರಮಗಳನ್ನು ಇಲ್ಲಿ ನೀಡಲಾಗಿದೆ.

ಕುಸಿತಕ್ಕೆ ಕಾರಣಗಳು

1. ಬದಲಾವಣೆಯ ಅವಧಿ: ಗಣಕಯಂತ್ರದ ವಿದ್ಯುತ್ ಘಟಕವು ಪೂರ್ಣ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡು ಮಾತ್ರ ವಿದ್ಯುತ್ತಿಲ್ಲದೆ ತಡೆದುಕೊಳ್ಳಬಲ್ಲದು. ಸಾಧಾರಣ ಇನ್ವರ್ಟರ್ ಬ್ಯಾಟರಿಗೆ ಬದಲಾಗಲು ಇದಕ್ಕಿಂತ ಹೆಚ್ಚು ಕಾಲ ತೆಗೆದುಕೊಳ್ಳಬಹುದು.

2. ಸಡಿಲ ಜೋಡಣೆ: 240 ವ್ಯಾಟ್ ಹೊರೆಗೆ, ಇನ್ವರ್ಟರಿನ ನಷ್ಟವೂ ಸೇರಿ, 12 ವೋಲ್ಟ್ ಬ್ಯಾಟರಿಯಿಂದ ಸುಮಾರು 25 ಆಂಪಿಯರ್ ಹರಿಯುತ್ತದೆ. ತಂತಿ ಹಾಗೂ ಜೋಡಣೆಗಳಲ್ಲಿ ಕೇವಲ 0.04 ಓಮ್ ರೋಧವಿದ್ದರೂ 1 ವೋಲ್ಟ್ ನಷ್ಟವಾಗುತ್ತದೆ. ಬ್ಯಾಟರಿಯಲ್ಲಿ 11.5 ವೋಲ್ಟ್ ಉಳಿದಿದ್ದರೂ ಇನ್ವರ್ಟರಿಗೆ 10.5 ವೋಲ್ಟ್ ಮಾತ್ರ ತಲುಪಿ, ಅದು ಸ್ಥಗಿತಗೊಳ್ಳಬಹುದು.

3. ಹಠಾತ್ ಹೊರೆ: ಫ್ರಿಜ್, ಮಿಕ್ಸರ್ ಹಾಗೂ ನೀರಿನ ಪಂಪು ಚಾಲನೆಯ ಕ್ಷಣದಲ್ಲಿ ತಮ್ಮ ಸಾಮಾನ್ಯ ಬಳಕೆಯ ಹಲವು ಪಟ್ಟು ವಿದ್ಯುತ್ ಸೆಳೆಯುತ್ತವೆ.

4. ಹಳೆಯ ಬ್ಯಾಟರಿ: ಒಳರೋಧ ಹೆಚ್ಚಿದ ಬ್ಯಾಟರಿಯು ಹೊರೆಯಿಲ್ಲದಾಗ ಸರಿಯಾದ ವೋಲ್ಟೇಜ್ ತೋರಿಸಿ, ಹೊರೆ ಬಿದ್ದೊಡನೆ ಕುಸಿಯುತ್ತದೆ.

ಅನುಸರಿಸಬೇಕಾದ ಕ್ರಮಗಳು

1. ಇನ್ವರ್ಟರಿನಲ್ಲಿ ಯುಪಿಎಸ್ ವಿಧಾನದ ಗುಂಡಿ ಇದ್ದಲ್ಲಿ ಅದನ್ನೇ ಆರಿಸತಕ್ಕದ್ದು. ಇಲ್ಲದಿದ್ದಲ್ಲಿ ಗಣಕಯಂತ್ರಕ್ಕೆ ಪ್ರತ್ಯೇಕ ಯುಪಿಎಸ್ ಅಳವಡಿಸುವುದು ಸೂಕ್ತ.

2. ಇನ್ವರ್ಟರ್ ಸಂಪರ್ಕಕ್ಕೆ ಗಣಕಯಂತ್ರ, ಇಂಟರ್ನೆಟ್ ರೂಟರ್, ದೀಪ ಮತ್ತು ಫ್ಯಾನ್ ಮಾತ್ರ ಸೇರಿಸುವುದು. ಲೇಸರ್ ಮುದ್ರಕವನ್ನು ಸೇರಿಸಬಾರದು. ಅದು ಬಿಸಿಯಾಗುವಾಗ ನೂರಾರು ವ್ಯಾಟ್ ಸೆಳೆಯುತ್ತದೆ.

3. ಬ್ಯಾಟರಿಯ ತಂತಿ ಗಿಡ್ಡವೂ ದಪ್ಪವೂ ಆಗಿರಬೇಕು. ಇನ್ವರ್ಟರ್ ಆರಿಸಿ, ಮುಖ್ಯ ವಿದ್ಯುತ್ ಸಂಪರ್ಕ ಕಡಿತಗೊಳಿಸಿದ ನಂತರವೇ ಜೋಡಣೆಗಳನ್ನು ಸ್ವಚ್ಛಗೊಳಿಸಿ ಬಿಗಿಗೊಳಿಸುವುದು.

4. ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕತಕ್ಕದ್ದು. ಕೊಳವೆಬಾವಿಯ ನೀರಿನಲ್ಲಿರುವ ಲವಣಗಳು ಫಲಕಗಳನ್ನು ಹಾಳುಮಾಡುತ್ತವೆ.

5. ಬ್ಯಾಟರಿಯನ್ನು ಬಿಸಿಲು ತಾಗದ, ಗಾಳಿಯಾಡುವ ಸ್ಥಳದಲ್ಲಿಡುವುದು. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಬರುವುದರಿಂದ ಹತ್ತಿರ ಬೆಂಕಿ, ಊದುಬತ್ತಿ ಹಚ್ಚಬಾರದು.

ಬಳಕೆಯ ಅವಧಿಯ ಲೆಕ್ಕ

150 ಆಂಪಿಯರ್-ಗಂಟೆ, 12 ವೋಲ್ಟ್ ಬ್ಯಾಟರಿಯ ಒಟ್ಟು ಸಾಮರ್ಥ್ಯ 1,800 ವ್ಯಾಟ್-ಗಂಟೆ. ಬ್ಯಾಟರಿಯ ಬಾಳಿಕೆಗಾಗಿ ಅರ್ಧದಷ್ಟನ್ನು ಮಾತ್ರ ಬಳಸಿದಲ್ಲಿ 900, ಇನ್ವರ್ಟರಿನ ನಷ್ಟ ಕಳೆದು ಸುಮಾರು 720 ವ್ಯಾಟ್-ಗಂಟೆ ದೊರೆಯುತ್ತದೆ. 160 ವ್ಯಾಟ್ ಹೊರೆಯನ್ನು ಇದರಿಂದ ನಾಲ್ಕೂವರೆ ಗಂಟೆ ನಡೆಸಬಹುದು. ಹಳೆಯ ಬ್ಯಾಟರಿಯಲ್ಲಿ ಈ ಅವಧಿ ಕಡಿಮೆಯಾಗುತ್ತದೆ.

ಅರ್ಜಿದಾರರ ಗಮನಕ್ಕೆ

ಬ್ಯಾಟರಿಯ ಎಚ್ಚರಿಕೆ ಧ್ವನಿ ಕೇಳಿಬಂದ ನಂತರ ಶುಲ್ಕ ಪಾವತಿ ಆರಂಭಿಸಬಾರದು. ಕರಡು ಉಳಿಸುವ ಸೌಲಭ್ಯವಿದ್ದಲ್ಲಿ ಆಗಾಗ್ಗೆ ಬಳಸುವುದು. ಪಾವತಿಯ ನಡುವೆ ವಿದ್ಯುತ್ ಹೋದಲ್ಲಿ, ಮೊದಲು ಬ್ಯಾಂಕ್ ಖಾತೆಯನ್ನೂ ಅರ್ಜಿಯ ಸ್ಥಿತಿಯನ್ನೂ ಪರಿಶೀಲಿಸಿ, ಹಣ ಕಡಿತವಾಗಿಲ್ಲವೆಂದು ಖಚಿತವಾದ ನಂತರವೇ ಮತ್ತೆ ಪಾವತಿಸತಕ್ಕದ್ದು. ಕೊನೆಯ ದಿನಾಂಕದವರೆಗೆ ಕಾಯದೆ ಮುಂಚಿತವಾಗಿ ಅರ್ಜಿ ಸಲ್ಲಿಸುವುದು ಒಳಿತು.

ಮುಖ್ಯ ಮಾರ್ಗದಲ್ಲಿಯೇ ವೋಲ್ಟೇಜ್ ಪದೇಪದೇ ಏರಿಳಿದಲ್ಲಿ ಹೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳುವುದು. ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಬೆರೆಸುವಂತಿಲ್ಲ. ಹೊಸದನ್ನು ಕೊಳ್ಳುವಾಗ ಮಾರಾಟಗಾರರಿಗೆ ಹಿಂದಿರುಗಿಸಬಹುದು.