ಮೊಳ, ಅಂಕಣ, ಚದರ: ಇರಕಲ್ಲಗಡ ಪರಿಸರದ ಮನೆ ಕಟ್ಟುವ ವೃತ್ತಿಗಳು

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯವನ್ನು ಕ್ರಿ.ಶ. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನು ಕಟ್ಟಿಸಿದನೆಂದು ಶಾಸನದಿಂದ ತಿಳಿದುಬರುತ್ತದೆ. ಕಟ್ಟಿಸಿದವನ ಹೆಸರು ಕಲ್ಲಿನಲ್ಲಿ ಉಳಿಯಿತು. ಅದೇ ಸೀಮೆಯ ಒಕ್ಕಲು ಮನೆಗಳಿಗೆ ಅಂತಹ ಶಾಸನಗಳಿಲ್ಲ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯೂ ಮನೆಯ ಯಜಮಾನನನ್ನೇ ಕಟ್ಟಿದವನೆಂದು ಭಾವಿಸುತ್ತದೆ. ಆದುದರಿಂದ ನಿಜವಾಗಿ ಮನೆ ಕಟ್ಟಿದ ಕೈಗಳ ಚರಿತ್ರೆಯನ್ನು ಅಳತೆಯ ಪದಗಳಲ್ಲಿ, ಅಡ್ಡಹೆಸರುಗಳಲ್ಲಿ ಹಾಗೂ ಆಚರಣೆಗಳಲ್ಲಿ ಅರಸಬೇಕಾಗುತ್ತದೆ.

ಇರಕಲ್ಲಗಡವು ಕೊಪ್ಪಳ ತಾಲೂಕಿನ ಹೋಬಳಿ ಕೇಂದ್ರ. ಹೆಸರಿನ ಕೊನೆಯ 'ಗಡ' ಕೋಟೆಯನ್ನು ಸೂಚಿಸುತ್ತದೆ. ಸುತ್ತಲಿನದು ಬೆಣಚುಕಲ್ಲಿನ ಗುಡ್ಡಗಳ, ಮಳೆ ಕಡಿಮೆಯಾದ ಬಯಲುಸೀಮೆ. ಕಲ್ಲು ಮತ್ತು ಮಣ್ಣು ಧಾರಾಳವಾಗಿದ್ದು ಮರ ವಿರಳವಾದುದರಿಂದ ಕಲ್ಲುಗೋಡೆಯ, ಮಣ್ಣಿನ ಚಪ್ಪಟೆ ಮೇಲ್ಛಾವಣಿಯ ಮಾಳಿಗೆಮನೆ ಇಲ್ಲಿ ರೂಢಿಗೆ ಬಂದಿತು.

ಈ ಮನೆ ಹಲವು ವೃತ್ತಿಗಳ ಕೂಡುಫಲ. ಗುಡ್ಡದಲ್ಲಿ ಉಳಿ, ಸುತ್ತಿಗೆ, ಹಾರೆಗಳಿಂದ ಕಲ್ಲು ಸೀಳಿ ಕೊಡುವವರು ವಡ್ಡರು. ತೂಗುಗುಂಡು ಹಿಡಿದು ಗೋಡೆ ಏರಿಸುವವನು ಗೌಂಡಿ. ಉಪ್ಪಾರರು ಈ ಕೆಲಸದಲ್ಲಿ ಹೆಸರಾದವರು. ಕಂಬ, ಬೋದಿಗೆ, ತೊಲೆ, ಜಂತಿ, ಬಾಗಿಲುಗಳು ಬಡಿಗನ ಪಾಲು. ಮೊಳೆ, ಚಿಲಕ, ಕೊಂಡಿಗಳಷ್ಟೇ ಅಲ್ಲದೆ ಉಳಿದವರ ಉಪಕರಣಗಳನ್ನು ಹದಗೊಳಿಸುವ ಹೊಣೆಯೂ ಕಂಬಾರನದು. ಜಂತಿಯ ಮೇಲೆ ಕಟ್ಟಿಗೆ ಮತ್ತು ಸೊಪ್ಪು ಹಾಸಿ, ಕೆಸರು ಮೆತ್ತಿ, ಸವಳು ಮಣ್ಣು ಹರಡುವಲ್ಲಿ ಮನೆಯವರೂ ನೆರೆಯವರೂ ಕೈಗೂಡಿಸುತ್ತಿದ್ದರು. ಗೋಡೆ ಮತ್ತು ನೆಲದ ಸಾರಣೆ ಹೆಣ್ಣುಮಕ್ಕಳದು. ಬಡಿಗೇರ, ಕಂಬಾರ, ಉಪ್ಪಾರ, ವಡ್ಡರ ಎಂಬ ಅಡ್ಡಹೆಸರುಗಳು ಈ ಹಂಚಿಕೆಯ ಲಿಖಿತ ಕುರುಹುಗಳಾಗಿ ಇಂದಿಗೂ ಉಳಿದಿವೆ.

ಮನೆಯ ಅಳತೆ ಯಾರ ಭಾಷೆಯಲ್ಲಿದೆ ಎಂಬುದು ಇಲ್ಲಿ ಮುಖ್ಯ ಪ್ರಶ್ನೆ. ಮೊದಲನೆಯ ಅಳತೆ ಯಜಮಾನನ ಮೊಳ. ಉದ್ದಗಲಗಳ ಗುಣಲಬ್ಧವನ್ನು ಎಂಟರಿಂದ ಭಾಗಿಸಿ ಶೇಷದಿಂದ ಆಯವನ್ನು ತಿಳಿಯುವುದು ಪ್ರಚಲಿತ ಕ್ರಮಗಳಲ್ಲಿ ಒಂದು. 11 ಮೊಳ ಉದ್ದ, 9 ಮೊಳ ಅಗಲವಾದರೆ ಗುಣಲಬ್ಧ 99, ಶೇಷ 3; ಅದು ಸಿಂಹಾಯ. ಧ್ವಜ, ಸಿಂಹ, ವೃಷಭ, ಗಜಗಳೆಂಬ ಬೆಸ ಆಯಗಳು ಶುಭವೆನಿಸಿದವು. ಈ ಅಳತೆ ಯಜಮಾನನ ದೇಹದ್ದು. ಲೆಕ್ಕ ಜೋಯಿಸನದು ಅಥವಾ ಬಡಿಗನದು.

ಎರಡನೆಯದು ಅಂಕಣ. ಕಂಬದಿಂದ ಕಂಬಕ್ಕಿರುವ ಅಂತರವೇ ಅಂಕಣ. ಅದನ್ನು ನಿರ್ಧರಿಸುವುದು ದೊರೆತ ಮರದ ಉದ್ದ ಹಾಗೂ ಅದು ಹೊರಬಲ್ಲ ಭಾರ. 'ಐದಂಕಣದ ಮನೆ' ಎನ್ನುವಾಗ ಊರು ಆ ಮನೆಯನ್ನು ಬಡಿಗನ ಅಳತೆಯಲ್ಲಿ ಹೇಳುತ್ತದೆ. ಬಡಿಗ, ಕಂಬಾರರು ಆಯಗಾರರಾಗಿದ್ದು ವರ್ಷಕ್ಕೊಮ್ಮೆ ಕಣದಲ್ಲಿ ಧಾನ್ಯ ಪಡೆಯುತ್ತಿದ್ದರು. ತಲೆಬಾಗಿಲ ಚೌಕಟ್ಟನ್ನು ನಿಲ್ಲಿಸಿ ಪೂಜಿಸಿದ ದಿನ ಬಡಿಗನಿಗೆ ಆಯೇರಿ ಸಲ್ಲುತ್ತಿತ್ತು. ಇದು ಕೇವಲ ಗೌರವವಲ್ಲ, ಹೊಣೆಯ ಗುರುತು ಕೂಡ. ತೊಲೆ ಬಾಗಿದರೆ ಕೇಳಬೇಕಾದವನು ಅದೇ ಊರಿನಲ್ಲಿರುತ್ತಿದ್ದನು. ಆದರೆ ಈ ವ್ಯವಸ್ಥೆಯನ್ನು ಆದರ್ಶೀಕರಿಸುವುದು ಸಲ್ಲದು. ಹೊಣೆಯ ಜೊತೆಗೆ ಜಾತಿಯ ಮೇಲುಕೀಳೂ ಅದರೊಳಗಿತ್ತು. ಅತ್ಯಂತ ಅಪಾಯದ ಕೆಲಸವಾದ ಕಲ್ಲು ಸೀಳುವವರಿಗೆ ಚೌಕಟ್ಟಿನ ಪೂಜೆಯಂತಹ ದಿನವೊಂದು ಮೀಸಲಾಗಲಿಲ್ಲ.

ಮೂರನೆಯ ಅಳತೆ ಚದರ, ಅಂದರೆ ನೂರು ಚದರಡಿ. ಸಿಮೆಂಟು, ಕಬ್ಬಿಣದ ಸರಳುಗಳೊಂದಿಗೆ ಬಂದ ಈ ಅಳತೆ ಇಂಜಿನಿಯರ್ ಮತ್ತು ಗುತ್ತಿಗೆದಾರರದು. 1993ರ ಪಂಚಾಯತ್ ರಾಜ್ ಅಧಿನಿಯಮದ ಪ್ರಕಾರ ಮನೆ ಕಟ್ಟಲು ಗ್ರಾಮ ಪಂಚಾಯತಿಯ ಅನುಮತಿ ಅಗತ್ಯ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಅತಿವೃಷ್ಟಿಗೆ ಅಪಾರ ಸಂಖ್ಯೆಯ ಮಣ್ಣಿನ ಮನೆಗಳು ಕುಸಿದವು. ಕಾಂಕ್ರೀಟಿನತ್ತ ಒಲವು ಇನ್ನಷ್ಟು ಬಲಗೊಂಡಿತು. ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕುವ ವಾರ್ಷಿಕ ಶ್ರಮವನ್ನು ಬೇಡದ ಛಾವಣಿಯನ್ನು ಜನ ಬಯಸಿದುದು ಸಹಜವೇ ಆಗಿದೆ.

ಇಂದು ನಕ್ಷೆ ಬರೆಯುವವರು, ಸರಳು ಕಟ್ಟುವವರು, ಸೆಂಟ್ರಿಂಗ್ ಮಾಡುವವರು, ವಿದ್ಯುತ್ ಮತ್ತು ನಲ್ಲಿ ಕೆಲಸದವರು, ಬಣ್ಣದವರು ಹೀಗೆ ವೃತ್ತಿಗಳು ಹೆಚ್ಚಿವೆ. ಯಜಮಾನನ ಪರಿಚಯ ಮಾತ್ರ ಗುತ್ತಿಗೆದಾರನೊಬ್ಬನಿಗೆ ಸೀಮಿತವಾಗುತ್ತಿದೆ. ವಸತಿ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ ಎಂಬ ಹಂತಗಳಿಗೆ ಛಾಯಾಚಿತ್ರ ದಾಖಲಾಗಿ ಕಂತಿನ ಹಣ ಬಿಡುಗಡೆಯಾಗುತ್ತದೆ. ಹಿಂದೆ ಪೂಜೆಯಿಂದ ಗುರುತಿಸುತ್ತಿದ್ದ ಹಂತಗಳನ್ನು ಈಗ ಕಡತ ಗುರುತಿಸುತ್ತದೆ. ಅಲ್ಲಿ ದಾಖಲಾಗುವುದು ಫಲಾನುಭವಿ ಮತ್ತು ಗೋಡೆ; ಗೋಡೆ ಏರಿಸಿದವನಲ್ಲ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ 18 ವೃತ್ತಿಗಳಲ್ಲಿ ಬಡಿಗ, ಕಮ್ಮಾರ, ಕಲ್ಲುಕುಟಿಗ, ಗೌಂಡಿಗಳನ್ನು ಹೆಸರಿಸಿದೆ. ಮಾಳಿಗೆಗೆ ಮಣ್ಣು ಹದಮಾಡುವ ಬಲ್ಲವರಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ.

ಮೊಳದಲ್ಲಿ ಯಜಮಾನನಿದ್ದಾನೆ, ಅಂಕಣದಲ್ಲಿ ಬಡಿಗನಿದ್ದಾನೆ. ಚದರದಲ್ಲಿ ದುಡಿದವರಾರೂ ಕಾಣುವುದಿಲ್ಲ. ಅಳಿದುಳಿದ ಮಾಳಿಗೆಮನೆಗಳನ್ನು ದಾಖಲಿಸುವಾಗ ಅವುಗಳ ವಿನ್ಯಾಸದ ಜೊತೆಗೆ ಕಟ್ಟಿದವರ ಹೆಸರುಗಳನ್ನೂ ಬರೆದುಕೊಳ್ಳುವುದು ಜಾನಪದ ಅಧ್ಯಯನದ ಕರ್ತವ್ಯವಾಗಿದೆ. ಆ ಹೆಸರುಗಳನ್ನು ಬಲ್ಲ ಹಿರಿಯರು ಇರುವವರೆಗೆ ಮಾತ್ರ ಈ ಕಾರ್ಯ ಸಾಧ್ಯ.